ದೋಣಿಯ ವಿಭೂತಿ

ಮಸ್ಕಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅಕ್ಕ, ತಮ್ಮ ಮುಂಬೈ ಬಸ್ಸಿಗೆ ಕಾದು ಕೂತಿದ್ದರು. ತಮ್ಮ ಅಲ್ಲಿನ ಬಂದರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿ ನಡೆಸುತ್ತಿದ್ದ.

“ಜ್ವರ ಇನ್ನಾ ಬಿಟ್ಟಿಲ್ಲ ಚನ್ನು. ಇವತ್ತೊಂದಿನ ನಿಲ್ಲು.”

“ನಾಳೆ ನಾ ನಡಸೂ ಹಳೇ ಕಟ್ಟಿಗಿ ದೋಣಿ ಒಡಿತಾರಕ್ಕ. ಎಲ್ಲಾ ಹೊಸಾ ಕಬ್ಬಿಣದವು ಬಂದಾವ.”

“ನೀ ಹೋದ್ರ ಒಡಿಯೋದು ಬಿಡ್ತಾರೇನು?”

“ಬಿಡಂಗಿಲ್ಲ. ದಿನಾ ಅದರ ಮೂತಿಗೆ ಇಬತ್ತಿ ಹಚ್ಚಿದಾಂವ ನಾನು. ಇಬತ್ತಿ ಮ್ಯಾಲೆ ಕೊಡ್ಲಿ ಬೀಳಬಾರದು, ಮೊದ್ಲ ಒರೆಸಬೇಕು.”

“ಫೋನ್ ಹಚ್ಚಿ ಅಲ್ಲಿದ್ದವ್ರಿಗೆ ಹೇಳೋ, ಹುಚ್ಚಪ್ಪ.”

“ಹೇಳಿದೆ. ನಕ್ಕರು.”

ಬಸ್ಸು ಬಂತು. ತಮ್ಮ ಕಂಬ ಹಿಡಿದು ಮೆಲ್ಲಗೆ ಎದ್ದ.

“ಒರೆಸಾಕ ಮಡಿ ಬಟ್ಟಿ ಐತೇನು?”

“ಇಲ್ಲ.”

ಅಕ್ಕ ಚೀಲದಿಂದ ಹೊಸ ಕುಪ್ಪಸದ ಖಣ ತೆಗೆದು ಅವನ ಕೈಗಿಟ್ಟಳು.

“ಒರೆಸಿ, ಇದನ್ನ ಅದಕ್ಕ ಉಡಿಸು. ಬರಿಗೈಲೆ ಕಳಿಸಬ್ಯಾಡ.”