ಇಪ್ಪತ್ತಕ್ಕೆ ಇಪ್ಪತ್ತು

ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಳ್ಳುವಾಗ ಯಾವ ತುದಿ ಯಾರ ಕಿವಿಗೆ ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಚಿಗರಿ ಬಸ್ಸು ಬೈರಿದೇವರಕೊಪ್ಪ ದಾಟುವವರೆಗೂ ಮುಂದಿನ ಸೀಟಿನ ಅಜ್ಜ, ಮೊಮ್ಮಗಳು ಅದನ್ನೇ ಚರ್ಚಿಸಿದರು. ಕೊನೆಗೆ, ಎಡಗಿವಿ ಮಂದವಾದ ಅಜ್ಜನಿಗೆ ಬಲಗಡೆಯದು ಸಿಕ್ಕಿತು.

“ಅಜ್ಜಿ ಹಾಡಿದ್ದು. ಸೌಂಡ್ ಎಂಜಿನಿಯರಿಂಗ್ ಕ್ಲಾಸಿನ್ಯಾಗ ಇದನ್ನ ಕೊಟ್ಟಿದ್ದೆ. ಇಪ್ಪತ್ತಕ್ಕ ಇಪ್ಪತ್ತು ಬಂದಾವ್ರಿ ಅಜ್ಜಾ.”

“ಛಲೋ ಆತು. ಆದ್ರ ಗೋದಾ ಉಸಿರು ಎಲ್ಲೆ ತಗೋತಾಳ?”

“ಅದನ್ನ ತಗದೇನ್ರಿ. ಗೊರಗೊರ ಕೇಳಸ್ತಿತ್ತು. ಕ್ಲೀನ್ ಮಾಡೂದ ನಮ್ಮ ಪಾಠ.”

“ನಲವತ್ತೆರಡು ವರ್ಷ ಆ ಗೊರಗೊರ ಕೇಳಕೋತ ಮಲಗೇನಿ. ಮೊದಲಿಂದು ಹಚ್ಚು.”

“ಅದರ ಮ್ಯಾಲೇ ಸೇವ್ ಮಾಡಿಬಿಟ್ಟೆ. ಆವಾಗ ಅಜ್ಜಿ ಇದ್ಲಲ್ಲ, ಬೇಕಾದ್ರ ಮತ್ತ ಹಾಡಸಿದ್ರಾತು ಅಂದ್ಕೊಂಡಿದ್ದೆ.”

“ಹೂಂ.”

“ಉಸಿರು ಬ್ಯಾರೆ ಸಿಗತಾವ್ರಿ. ಕಂಪ್ಯೂಟರಿನ್ಯಾಗ ನೂರಾರು ಅವ. ಹೊಂದೂದು ಹುಡುಕಿ ಕೂಡಸ್ತೇನಿ.”

“ಯಾರ ಉಸಿರು?”

ಹುಡುಗಿ ಕಿಟಕಿಯ ಕಡೆ ತಿರುಗಿದಳು.

“ಇರ್ಲಿ ಬಿಡು ಚಿನ್ಮಯೀ. ಇಪ್ಪತ್ತಕ್ಕ ಇಪ್ಪತ್ತು ಬಂದಾವಲ್ಲ.”

ಅಜ್ಜ ತಮ್ಮ ಕಿವಿಯದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ಟೋಲ್‌ನಾಕಾದಲ್ಲಿ ಇಬ್ಬರೂ ಇಳಿದರು. ಹಾಡು ಇನ್ನೂ ಅರ್ಧ ಬಾಕಿಯಿತ್ತು.