ಬರ್ಲಿ ಬರ್ಲಿ ಅಂದವರು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆದು ತಂದಿದ್ದ ನಮ್ಮ ಕ್ಯಾರವಾನಿನ ಛಾವಣಿ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಕಿಟಕಿಯಾಚೆ ಸಮುದ್ರ ಕೇಳುತ್ತಿತ್ತೇ ಹೊರತು ಕಾಣುತ್ತಿರಲಿಲ್ಲ. ಮಡಚುವ ಮೇಜಿನ ಸುತ್ತ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು ನನ್ನ ಅತ್ತೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದೆವು. ಮರುದಿನ ಕರಾವಳಿ ಬಿಟ್ಟು ಒಳನಾಡಿನ ಹಳೆಯ ಚಿನ್ನದ ಗಣಿಗಳ ಕಡೆ ಹೊರಡುವವರಿದ್ದೆವು. ಗಣಿ ಎಂದದ್ದೇ ತಡ, ಮಕ್ಕಳು "ಅಜ್ಜಿ, ಅಲ್ಲಿ ದೆವ್ವ ಇದ್ಯಂತೆ, ಹೌದಾ?" ಎಂದು ಶುರುಮಾಡಿದರು. ಬದುಕಿಡೀ ಬಟ್ಟೆ ಹೊಲಿದ ಅತ್ತೆ ಆಗಲೂ ಪರದೆಯ ಬಿಚ್ಚಿದ ಅಂಚಿಗೆ ಹೊಲಿಗೆ ಹಾಕುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು ಕನ್ನಡಕ ಮೇಲೆ ಸರಿಸಿದರು.

"ದೆವ್ವ ಗಿವ್ವ ಅನ್ಬೇಡ್ರೋ, ದೊಡ್ಡೋರು ಅವರು. ಅವರಿಲ್ದೆ ಹೋಗಿದ್ರೆ ನಿಮ್ಮಮ್ಮ ಇರ್ತಿರ್ಲಿಲ್ಲ, ನೀವೂ ಇರ್ತಿರ್ಲಿಲ್ಲ, ಪಾಪ ಈ ಅಳಿಯಂದ್ರು ಇನ್ಯಾರ ಮನೆ ಅಳಿಯ ಆಗಿರ್ತಿದ್ರೋ ಏನೋ! ಸುಮ್ನೆ ಕೂತು ಕೇಳಿ. ಮಧ್ಯ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಸಿಬಿಡ್ತೀನಿ.

"ನಿಮ್ ತಾತ ಬಸ್ ಡ್ರೈವರ್ ಅಲ್ವಾ... ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದದ್ದು ಒಂದೇ ಮಾತು, ರಿವರ್ಸ್ ತಗೊಳ್ಳೋದ್ರಲ್ಲಿ ನನ್ನ ಮೀರಿಸೋರಿಲ್ಲ ಅಂತ. ಸರಿಯಪ್ಪ, ಒಪ್ಕೊಂಡೆ. ಆದ್ರೆ ಆ ಸಲ ನಾವೂ ಹೀಗೇ ಕ್ಯಾರವಾನು ಎಳ್ಕೊಂಡು ಹೊರಟಿದ್ವಿ, ಕ್ಯಾರವಾನು ಬಸ್ಸಲ್ಲ ನೋಡಿ! ಸ್ಟೇರಿಂಗ್ ಎಡಕ್ಕೆ ತಿರುಗಿಸಿದ್ರೆ ಹಿಂದಿರೋದು ಬಲಕ್ಕೆ ಹೋಗುತ್ತೆ. ಬಸ್ಸಲ್ಲಿ ಪಳಗಿದ ಕೈ, ಹೇಳಿದ ಮಾತು ಕೇಳ್ಬೇಕಲ್ಲ? ಸಮುದ್ರದ ದಾರಿ ಉದ್ದಕ್ಕೂ ಆ ಮಹಾರಾಯರು ಒಂದು ಬೇಲಿ, ಒಂದು ನಲ್ಲಿ, ಯಾರದ್ದೋ ಸೈಕಲ್ಲು, ಎಲ್ಲಾ ಅಪ್ಪಚ್ಚಿ ಮಾಡ್ಕೊಂಡೇ ಬಂದ್ರು. ನಾನು ನಕ್ಕರೆ ಮೂಗಿನ ತುದೀಲಿ ಕೋಪ. ಕೊನೆಗೆ ಹಿಂದೆ ನಿಂತು 'ಬರ್ಲಿ, ಬರ್ಲಿ' ಅಂತ ಕೂಗೋ ಕೆಲಸ ನನ್ನ ತಲೆಗೇ ಬಂತು.

"ಗಣಿ ಸೀಮೆ ಸೇರೋ ಹೊತ್ತಿಗೆ ಮುಸ್ಸಂಜೆ. ಮಳೆ, ಅದರ ಮೇಲೆ ಮಂಜು... ಎಲ್ಲಿ ನೋಡಿದ್ರೂ ಗಣಿಯಿಂದ ತೆಗೆದು ಸುರಿದ ಮಣ್ಣಿನ ಗುಡ್ಡೆ, ತುಕ್ಕು ಹಿಡಿದ ಕಬ್ಬಿಣದ ಗೋಪುರ, ಒಂದು ನರಪಿಳ್ಳೇನೂ ಇಲ್ಲ. ನಿಮ್ಮಮ್ಮ ಆಗ ತೊದಲು ಮಾತಾಡೋ ಕೂಸು. ಜ್ವರ ಬಂದು ಮೈ ಕೆಂಡದ ಹಾಗೆ ಸುಡ್ತಿತ್ತು. ಕ್ಯಾರವಾನಿನ ಹಿಂಭಾಗದ ಹಾಸಿಗೇಲಿ ಮಲಗಿಸಿ ನಾನು ಪಕ್ಕದಲ್ಲೇ ಕೂತಿದ್ದೆ. ರಸ್ತೆ ಪಕ್ಕ ಒಂದು ಮಟ್ಟಸ ಜಾಗ ನೋಡಿ ನಿಮ್ ತಾತ ಗಾಡಿ ಹಿಂದಕ್ಕೆ ತಗೊಳ್ಳೋಕೆ ಶುರುಮಾಡಿದ್ರು. ನಾನು ಇಳೀಬೇಕು... ಆದ್ರೆ ಕೂಸು ನನ್ನ ಬೆರಳು ಬಿಡ್ತಾನೇ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಗಂಡಸಿನ ಗಂಟಲು, 'ಬರ್ಲಿ... ಬರ್ಲಿ... ಚೂರು ಬಲಕ್ಕೆ... ಬರ್ಲಿ...' ಕೂಗಿ ಕೂಗಿ ಪಳಗಿದ ಗಂಟಲು ಅದು. ಯಾರೋ ಪುಣ್ಯಾತ್ಮ ಬಂದ್ನಲ್ಲ ಅಂತ ನಾನು ಆರಾಮಾಗಿ ಕೂತೆ.

"ಆಮೇಲೆ ಒಂದೇ ಸಲ, 'ನಿಲ್ಸೀ!' ಅಂತ. ಆ ಕೂಗಿಗೆ ಪಾತ್ರೆಗಳು ಗಡಗಡ ಅಂದ್ವು. ತಾತ ಬ್ರೇಕ್ ಒತ್ತಿದ್ರು. ನಾನು ಹಿಂದಿನ ಕಿಟಕಿ ಸರಿಸಿ ನೋಡ್ತೀನಿ, ತಲೆಗೆ ದೀಪ ಕಟ್ಕೊಂಡ ಒಬ್ಬರು ಹತ್ತಿರದಲ್ಲೇ ನಿಂತಿದಾರೆ. 'ದೊಡ್ಡ ಉಪಕಾರ ಆಯ್ತಣ್ಣ, ಹೋಗಿ ಬನ್ನಿ' ಅಂದೆ. ಅವರು ನನ್ನನ್ನೇ ನೋಡಿದ್ರು... ಎಷ್ಟೋ ಕಾಲದಿಂದ ಯಾರೂ ಮಾತಾಡಿಸಿಲ್ವೇನೋ ಅನ್ನೋ ಹಾಗೆ. ಆಮೇಲೆ ಮೆಲ್ಲಗೆ, 'ಬರ್ತೀನಮ್ಮ' ಅಂದ್ರು.

"ಬೆಳಿಗ್ಗೆ ಕೂಸಿನ ಜ್ವರ ಇಳಿದಿತ್ತು. ಇಳಿದು ಹಿಂದಕ್ಕೆ ಹೋಗಿ ನೋಡಿದ್ರೆ... ಅಯ್ಯೋ... ಗಾಲಿಯಿಂದ ಒಂದು ಮೊಳ ಆಚೆಗೆ ಹಳೇ ಗಣಿ ಬಾವಿ, ಬಾಯಿ ತೆರ್ಕೊಂಡು ಬಿದ್ದಿದೆ. ಸುತ್ತ ಹುಲ್ಲು ಬೆಳೆದು ಮುಚ್ಚಿಬಿಟ್ಟಿದೆ. ಅವರು ನಿಂತಿದ್ರಲ್ಲ, ಆ ಜಾಗದಲ್ಲಿ ನೆಲಾನೇ ಇಲ್ಲ!

"ಅಷ್ಟರಲ್ಲಿ ಬಂದ ಗಣಿ ಕಾವಲುಗಾರ, ತಲೆಗೆ ದೀಪ ಕಟ್ಟಿದ್ದೋರು ಯಾರು ಅಂತ ಕೇಳಿದ್ದಕ್ಕೆ ಹೇಳಿದ. ಕಬ್ಬಿಣದ ತೊಟ್ಟೀಲಿ ಆಳುಗಳನ್ನ ಇಳಿಸುವಾಗ, ಏರಿಸುವಾಗ, ಬಾವಿ ಬಾಯಲ್ಲಿ ನಿಂತು ಕೂಗು ಹಾಕೋದು ಅವರ ಕೆಲಸವಂತೆ. ಒಂದು ದಿನ ಹಗ್ಗ ಜಾರ್ತಿತ್ತಂತೆ. ಕೂಗಿ ಕೂಗಿ ಎಲ್ಲರನ್ನೂ ಮೇಲೆ ಹತ್ತಿಸಿ, ತಾವು ಕಾಲು ತಪ್ಪಿ ಬಾವಿಗೆ ಬಿದ್ದು ತೀರ್ಕೊಂಡ್ರಂತೆ. ನಾನು ಹಿಂದಿನ ದಿನ ಅಂದ ಮಾತು ಹೇಳ್ದೆ. ಕಾವಲುಗಾರ ತಲೆ ಮೇಲೆ ಕೈ ಇಟ್ಕೊಂಡ. 'ಏನು ತಾಯಿ ನೀವು! ಹೋದೋರಿಗೆ ಯಾರಾದ್ರೂ ಹೋಗಿ ಬನ್ನಿ ಅಂತಾರಾ? ಬರ್ತೀನಿ ಅಂದ್ರಾ? ಹಾಗಾದ್ರೆ ಬರ್ತಾರೆ ಬಿಡಿ' ಅಂದ.

"ಬಂದ್ರು ಕಣ್ರೋ. ಮಳೇಲಿ, ಮಂಜಲ್ಲಿ, ಹಿಂದೆ ಏನಿದೆ ಅಂತ ಕಾಣದ ಕಡೆಯೆಲ್ಲ ಬಂದ್ರು. ಆಮೇಲೆ ನಿಮ್ ತಾತ ಒಂದು ಬೇಲೀನೂ ಮುಟ್ಲಿಲ್ಲ. ಎಲ್ಲ ನನ್ನ ಕೈಚಳಕ ಅಂತ ಮೀಸೆ ತಿರುವ್ಕೊಂಡು ಓಡಾಡಿದ್ರು, ನಾನೂ ಸುಮ್ನಿದ್ದೆ. ಭಯ ಆಗ್ಲಿಲ್ವಾ ಅಂತೀರಾ? ಯಾಕಾಗ್ಬೇಕು? ಒಡಹುಟ್ಟಿದೋರು ಮಾಡ್ದೆ ಇರೋದನ್ನ ಮಾಡಿದ್ರು. ಅವರನ್ನ ನೆನೆದ್ರೆ ನನಗೆ ಮನಸ್ಸು ತುಂಬಿ ಬರುತ್ತೆ. ಪ್ರತಿ ಸಲವೂ ಕಿಟಕಿ ತೆಗೆದು 'ಹೋಗಿ ಬನ್ನಿ ಅಣ್ಣ' ಅಂತೀನಿ. ಬರೀ 'ಹೋಗಿ' ಅಂದ್ರೆ ಹೋಗೇಬಿಡ್ತಾರಲ್ಲ... ಆಮೇಲೆ ನಮ್ಮ ಹಿಂದೆ ಯಾರಿರ್ತಾರೆ?"

ಮಕ್ಕಳು ತಾಯಿಯ ಮಗ್ಗುಲಿಗೆ ಸರಿದಿದ್ದರು. ಅತ್ತೆ ಸೂಜಿಯನ್ನು ಪರದೆಗೆ ಚುಚ್ಚಿಟ್ಟು ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ಮಧ್ಯಾಹ್ನ ನಾವೆಲ್ಲ ಅಂಗಡೀಲಿದ್ವಿ. ಗಾಡಿ ಇಲ್ಲಿ ನಿಲ್ಸುವಾಗ ನಿಮಗೆ ಹಿಂದಿನಿಂದ ಯಾರು ಕೂಗಿದ್ದು?"

"ಇಲ್ಲಿನ ಕೆಲಸದೋರು ಯಾರೋ, ಅತ್ತೆ. ತಲೆಗೆ ದೀಪ..." ಎಂದವನು ಹಿಂದಿನ ಕಿಟಕಿಯತ್ತ ತಿರುಗಿ ನೋಡಿದೆ. ಕ್ಯಾರವಾನಿನ ಹಿಂದೆ ನಾಲ್ಕು ಹೆಜ್ಜೆಗೆ ಬಂಡೆ ಮುಗಿದು ಸಮುದ್ರ ಶುರುವಾಗುತ್ತದೆ.

"ಏನಂದ್ರಿ ಅವರಿಗೆ?"

ಮೋಡ ಕವಿದಿತ್ತು, ಹಸಿವಾಗಿತ್ತು, ಸಿಟ್ಟಿನಲ್ಲಿದ್ದೆ. "ಸಾಕು, ಇನ್ನು ಹೋಗಪ್ಪಾ, ಅಂದೆ."

ಅತ್ತೆ ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಹಿಂದಿನ ಕಿಟಕಿಯನ್ನು ಪೂರ್ತಿ ಸರಿಸಿದರು. ಮಳೆ ಒಳಗೆ ಎರಚಿತು. ಆ ಹಾಸಿಗೆಯಲ್ಲೇ ಮಕ್ಕಳು ಮಲಗುವುದು, ನಾಳೆ ಹೋಗುವುದು ಗಣಿಗಳ ನಾಡಿಗೆ. ಅವರು ಕತ್ತಲಿನೊಳಕ್ಕೆ ಕಣ್ಣು ಕಿರಿದುಮಾಡಿ ನೋಡಿದರು, ಮುಖ ಅರಳಿತು, ಎರಡೂ ಕೈ ಮುಗಿದರು.

"ನಾನು ಹೇಳಿದ್ರೆ ಆಗಲ್ಲ, 'ಹೋಗು' ಅಂದೋರು ನೀವು," ಎಂದು ನನಗೆ ಜಾಗ ಬಿಟ್ಟುಕೊಟ್ಟರು. "ಹೋಗಿ ಬನ್ನಿ ಅಂತ ಬಾಯ್ತುಂಬ ಹೇಳಿ, ಬೇಗ. ಪಾಪ, ಆಗಿನಿಂದ ಮಳೇಲೇ ನಿಂತಿದಾರೆ."