ವಕೀಲರ ಹಿತ್ತಲದ ಮಷೀನು

ನಗಬ್ಯಾಡ್ರಿ. ಇದು ನಮ್ಮ ಕಾಕಾ ಮಾಳಿಂಗಪ್ಪನ ಕಣ್ಣಮುಂದ ಆಗಿದ್ದು. ನಿಜಾಮರ ಕಾಲ, ನಲವತ್ತೈದೋ ನಲವತ್ತಾರೋ. ಕಾಕಾ ರಾಯಚೂರಿನ ಹತ್ತಿ ಮಿಲ್ಲಿನಾಗ ಮಿಸ್ತ್ರಿ. ಸೂಟಿಗೆ ನಮ್ಮೂರು ನೀರಮಾನ್ವಿಗೆ ಬಂದಾಗ ಮಾನ್ವಿಯಿಂದ ವಕೀಲ ವಿಠ್ಠಲರಾಯರು ಹೇಳಿಕಳಿಸಿದ್ರು... ಬಟ್ಟಿ ಒಗಿಯೋ ಮಷೀನು ತಿರುಗವಲ್ದು, ಬಾ ಅಂತ.

ಊರು ಬಿಟ್ಟುಹೋದ ರೈಲ್ವೆ ದೊರೆ ಕೊಟ್ಟಿದ್ದದು. ಕಟಗಿ ಪೀಪಾಯಿ, ಪಕ್ಕಕ್ಕೊಂದು ಕೈಹಿಡಿ. ತಿರುವಿದ್ರ ಒಳಗ ಬಟ್ಟಿ ಗರಗರ ಸುತ್ತತಿದ್ವು. ಅದು ಬಂದಮ್ಯಾಲೆ ಅಗಸರ ಯಮನಮ್ಮಗ ಆ ಮನಿ ಕೆಲಸ ತಪ್ಪಿತ್ತು.

"ಅಕೀದೇ ಮಾಟ," ಅಂದ್ರು ವಕೀಲರು. "ನಿನ್ನಿ ಹಿತ್ತಲದಾಗ ಸುಳಿದಾಡೂದು ನೋಡೀನಿ. ದೀಪ ಹಚ್ಚೂದ್ರಾಗ ಮಷೀನು ತಿರುಗಲಿಲ್ಲಂದ್ರ ಅಕೀನ್ನ ಠಾಣೇಕ ಕಳಸಾಂವ."

ಯಮನಮ್ಮ ಹಿತ್ತಲಬಾಗಲದಾಗ ಕೂತಿದ್ಳು. ಮಾತಿಲ್ಲ. ಕಾಕಾಗೂ ಅಕಿ ಮ್ಯಾಲೇ ಗುಮಾನಿ. ತಪ್ಪಿಲ್ಲದಾಕಿ ಅಷ್ಟು ಸುಮ್ಮ ಯಾಕ ಕೂಡಬೇಕು?

ಹಲ್ಲಿನ ಗಾಲಿ ಬಿಚ್ಚಿ ನೋಡಿದ. ಒಂದು ಹಳ್ಳು ಸಿಕ್ಕಿಲ್ಲ, ಒಂದು ದಾರದ ಎಳಿ ಸಿಕ್ಕಿಲ್ಲ. ಹರಳೆಣ್ಣಿ ಬಿಟ್ಟ. ಬರೇ ನೀರು ಹಾಕಿ ತಿರುವಿದ... ಗರ್‍ರ್, ಟಕ್. ಗರ್‍ರ್, ಟಕ್. ಚಂದ ತಿರುಗಿತು. ಬಟ್ಟಿ ಹಾಕಿದ... ನಿಂತುಬಿಟ್ಟಿತು!

ಕಾಕಾ ಹಟಮಾರಿ. ಎಲ್ಲಾ ಹೊರಗ ತಗದು ಒಂದೊಂದೇ ಹಾಕ್ಕೋತ ಬಂದ. ಧೋತರ... ತಿರುಗಿತು. ಚಾದರ... ತಿರುಗಿತು. ಕಡೀಕ ಒಂದು ಹಸರು ಜರಿ ಸೀರಿ... ಕೈಹಿಡಿ ಅಲ್ಲಾಡಲಿಲ್ಲ. ಪೀಪಾಯಿ ಒಳಗಿಂದ "ಹ್ಞೂಂ..." ಅಂತ ಸಣ್ಣಗ ನರಳಿದ ಸಪ್ಪಳ.

"ಈ ಸೀರಿ ಯಾರದ್ರೀ, ಬಾಯಾರ?"

ವಕೀಲರ ಹೆಂಡತಿ ಅಹಲ್ಯಾಬಾಯಿ ಮಾರಿ ಬಿಳಚಿತು. ಪಿಸುಗುಟ್ಟಿದ್ರು: "ಸೊಸಿ ಅನಸೂಯಾಂದು... ಬಸರಿದ್ದಾಗ ಕುಬಸಕ್ಕ ತಂದಿದ್ದು. ಹಡಿಯೂದ್ರಾಗ ಹೋದ್ಳಲ್ಲಾ... ಚಳಿ ಅಂದ್ಳು, ಇದನ್ನೇ ಹೊಚ್ಚಿದ್ವಿ."

ನಮ್ಮ ಕಡಿ ಸಾಯೋವಾಗ ಮೈಮ್ಯಾಲಿದ್ದ ಅರಿವಿ ಅಗಸರಾಕಿಗೇ ಸೇರಬೇಕು. ಅಕಿ ಒಗದ್ರೇ ಸೂತಕ ಕಳಿಯೂದು. ಬಾಯಾರಿಗೆ ಜರಿ ಮ್ಯಾಲೆ ಆಸೆ. ಮನ್ಯಾಗ ಮಷೀನು ಅದಲ್ಲಾ ಅಂತ ಸೀರಿ ಮುಚ್ಚಿಟ್ಟು, ಉಳಿದ ಬಟ್ಟಿ ಜೋಡಿ ಅದರಾಗ ಹಾಕಿದ್ರು.

ಆವಾಗ ಯಮನಮ್ಮ ಬಾಯಿ ಬಿಟ್ಳು. "ಅದನ್ನ ಕೇಳಾಕೇ ನಿನ್ನಿ ಬಂದಿದ್ನಿರೀ ಯವ್ವಾ. ಮೂರು ದಿನ ಆತು... ಸತ್ತಾಕಿ ನನ್ನ ಬಾಗಲಕ ಬಂದು ಸೀರಿ ಕೇಳಾಕತ್ತಾಳ."

ಸೀರಿ ಯಮನಮ್ಮನ ಕೈಗೆ ಬಂತು, ಮಷೀನು ತಿರುಗಿತು. ಠಾಣೆ ಮಾತು ಯಾರೂ ಎತ್ತಲಿಲ್ಲ. ಬಡಪಾಯಿ ಮ್ಯಾಲೆ ಗುಮಾನಿ ಪಟ್ನಲ್ಲಾ ಅಂತ ಕಾಕಾಗ ಭಾಳ ನಾಚಿಕಿ ಆತು.

ಊರಕಡಿ ಹೊಂಟಾಗ ಹೊತ್ತು ಮುಣುಗಿತ್ತು. ಬಾವಿ ಹತ್ರ ಧಪ್... ಧಪ್... ಆಮ್ಯಾಲೆ ಸಪ್ಪಳ ನಿಂತಿತು. ಯಮನಮ್ಮ ಸೀರಿ ಹಿಂಡಾಕತ್ತಿದ್ಳು. ಹದಿನಾರು ಮಳದ ಸೀರಿ, ಇಬ್ಬರಿಲ್ಲದ ಹಿಂಡೂದು ಆಗಂಗಿಲ್ಲ.

"ಆ ಕಡಿ ತುದಿ ನಾ ಹಿಡೀಲೇನು ಯಮನಕ್ಕಾ?"

"ಬ್ಯಾಡಪ್ಪಾ... ಹಿಡದಾಳ."

ನಂಬ್ರಿ, ಬಿಡ್ರಿ. ನಮ್ಮ ಕಾಕಾ ಸುಳ್ಳಾಡೋ ಮನಷಾ ಅಲ್ಲ. ಸೀರಿ ನೆಟ್ಟಗ ಬಿಗದು ನಿಂತಿತ್ತಂತ. ಯಮನಮ್ಮ ಬಲಕ್ಕ ತಿರುವಾಕತ್ತಿದ್ಳು... ಆ ಕಡಿ ತುದಿ ಎಡಕ್ಕ ತಿರುಗಾಕತ್ತಿತ್ತು.